ಫೋನಿನಲ್ಲಿ ಇದ್ದ ಸರ್ಚ್ ಎಂಜಿನ್ನೇ ಸಾಕಾ?

ಸಂಪಾದಕರೇ, ನಮಸ್ಕಾರ.

ಹೊಸ ಸರ್ಚ್ ಎಂಜಿನ್ ಬಗ್ಗೆ ಮಾತು ತೆಗೆದರೆ ಸಾಕು, "ಗೂಗಲ್ ಇದೆಯಲ್ಲ, ಇನ್ನೊಂದು ಯಾಕೆ?" ಅನ್ನುವ ಉತ್ತರ ಬರುತ್ತದೆ. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ. ಗೂಗಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ನಾಲ್ಕು ಕಡೆ ಹುಡುಕಿ, ಹೋಲಿಸಿ ನೋಡಿ ಅದನ್ನು ಆರಿಸಿಕೊಂಡವರು ನಮ್ಮಲ್ಲಿ ಎಷ್ಟು ಜನ? ಫೋನ್ ಕೈಗೆ ಬಂದಾಗ ಅದರಲ್ಲಿ ಏನಿತ್ತೋ ಅದನ್ನೇ ಬಳಸುತ್ತಾ ಬಂದಿದ್ದೇವೆ, ಅಷ್ಟೇ ಅಲ್ವಾ?

ಫೋನಿನಲ್ಲಿ ಆ ಜಾಗ ಯಾರಿಗೂ ಸುಮ್ನೆ ಸಿಗುವುದಿಲ್ಲ. ಫೋನ್ ಮತ್ತು ಬ್ರೌಸರ್‌ಗಳಲ್ಲಿ ತಾನೇ ಮೊದಲು ಇರಬೇಕು ಅಂತ ಗೂಗಲ್ 2021ರ ಒಂದೇ ವರ್ಷದಲ್ಲಿ ಕೊಟ್ಟ ಹಣ 2,630 ಕೋಟಿ ಡಾಲರ್. ಇದು ಗೂಗಲ್ ಮೇಲಿನ ಕೇಸಿನಲ್ಲಿ ಅಮೆರಿಕದ ಕೋರ್ಟಿನಲ್ಲಿ ಹೊರಬಂದ ಲೆಕ್ಕ. ಅದೇ ಕೇಸಿನಲ್ಲಿ 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು, ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನು ಮೀರಿ ಉಳಿಸಿಕೊಂಡಿದೆ ಎಂದು ತೀರ್ಪು ಕೊಟ್ಟರು. ಗೂಗಲ್‌ನ ಗುಣಮಟ್ಟ ಎಲ್ಲರಿಗಿಂತ ಮೇಲಿದೆ ಎಂದೂ ಅದೇ ತೀರ್ಪಿನಲ್ಲಿ ಇದೆ. ಎರಡೂ ನಿಜ ಇರಬಹುದು. ಆದರೆ ಅಷ್ಟು ಒಳ್ಳೆಯದಾಗಿದ್ದೂ ಜಾಗ ಹಿಡಿಯಲು ಇಷ್ಟು ದುಡ್ಡು ಸುರಿಯುತ್ತಾರೆ ಅಂದರೆ, ಒಮ್ಮೆ ಕೊಟ್ಟದ್ದನ್ನು ಜನ ಬದಲಾಯಿಸುವುದಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಹಾಗಂತ ಹೆಸರು ಬೇರೆ ಇದ್ದ ಮಾತ್ರಕ್ಕೆ ಫಲಿತಾಂಶವೂ ಬೇರೆ ಬರುತ್ತದೆ ಅಂದುಕೊಳ್ಳಬೇಡಿ. ಡಕ್‌ಡಕ್‌ಗೋ ಅನ್ನುವ ಸರ್ಚ್ ಎಂಜಿನ್ನಿನಲ್ಲಿ ಬರುವ ಲಿಂಕ್‌ಗಳು ಬಹುಪಾಲು ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಆದ ಬಿಂಗ್‌ನಿಂದ ಬರುತ್ತವೆ. ನೀವು ಹುಡುಕಿದ್ದನ್ನೆಲ್ಲ ನಿಮ್ಮ ಹೆಸರಿಗೆ ಬರೆದಿಟ್ಟುಕೊಳ್ಳುವುದಿಲ್ಲ ಅನ್ನುವುದೇ ಅದರ ಮುಖ್ಯ ವ್ಯತ್ಯಾಸ, ಮತ್ತು ಅದು ಸಣ್ಣ ವಿಷಯವಲ್ಲ. 2021ರಲ್ಲಿ ಬಂದ ಬ್ರೇವ್ ಸರ್ಚ್ ಮತ್ತು ಬ್ರಿಟನ್ನಿನ ಮೋಜೀಕ್ ತಾವೇ ವೆಬ್ ಸುತ್ತಿ ಸ್ವಂತ ಇಂಡೆಕ್ಸ್ (ಯಾವ ಪುಟದಲ್ಲಿ ಏನಿದೆ ಅನ್ನುವ ಪಟ್ಟಿ) ಕಟ್ಟಿಕೊಂಡಿವೆ. ನಿಜವಾಗಿ ಹೋಲಿಸಬೇಕು ಅಂದರೆ ಇಂಥವನ್ನು ಪಕ್ಕದಲ್ಲಿ ಇಟ್ಟು ನೋಡಬೇಕು.

ಹೋಲಿಸುವಾಗ ನಿಮಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳಿ. ನಿಮ್ಮ ಕೆಲಸಕ್ಕೆ ಸಂಬಂಧಪಟ್ಟದ್ದಾದರೆ ಇನ್ನೂ ಒಳ್ಳೆಯದು, ಯಾಕೆಂದರೆ ತಪ್ಪು ಎಲ್ಲಿದೆ ಅಂತ ನಿಮಗೆ ತಕ್ಷಣ ಗೊತ್ತಾಗುತ್ತದೆ. ನಾನು ಕೇಳಿದ್ದು "ಥೈರಾಯ್ಡ್ ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು" ಅಂತ. ಒಂದು ಕಡೆ ಮೊದಲ ಪರದೆ ಪೂರ್ತಿ ಜಾಹೀರಾತು, ಎಷ್ಟೋ ಕೆಳಗೆ ಹೋದ ಮೇಲೆ ಒಂದು ಆಸ್ಪತ್ರೆಯ ಪುಟ. ಇನ್ನೊಂದು ಕಡೆ ಆ ಆಸ್ಪತ್ರೆಯ ಪುಟವೇ ಮೇಲೆ ಇತ್ತು. ಮೂರನೆಯದರಲ್ಲಿ ಎಐ ಬರೆದ ನಾಲ್ಕು ಸಾಲು: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ. ಸರಿಯಾಗಿಯೇ ಇದೆ. ಆದರೆ ಅದು ತೋರಿಸಿದ ಮೂಲ ಲಿಂಕ್ ತೆರೆದರೆ ಇನ್ನೊಂದು ಮಾತೂ ಇತ್ತು. ಕ್ಯಾಲ್ಸಿಯಂ ಅಥವಾ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರು ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎರಡೂ ಮಾತ್ರೆ ನುಂಗುವ ಎಷ್ಟೋ ಜನರಿಗೆ ಬೇಕಾದದ್ದು ಇದೇ. ಆ ನಾಲ್ಕು ಸಾಲಿನಲ್ಲಿ ಇಲ್ಲದೆ ಹೋದದ್ದೂ ಇದೇ.

ಇದನ್ನು ಹೇಳಿದ ಕೂಡಲೇ ಕೆಲವರು "ನೋಡಿ, ಅದಕ್ಕೇ ಎಐ ಸಹವಾಸವೇ ಬೇಡ" ಅನ್ನುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಪ್ರಶ್ನೆಯನ್ನು ಸರಿಯಾಗಿ ಕೇಳಲು ಬಾರದವರಿಗೆ, ಇಂಗ್ಲಿಷ್ ಪುಟ ಓದಲು ಕಷ್ಟಪಡುವವರಿಗೆ, ಕನ್ನಡದಲ್ಲೇ ಕೇಳಿ ಕನ್ನಡದಲ್ಲೇ ಉತ್ತರ ಪಡೆಯುವುದು ದೊಡ್ಡ ಅನುಕೂಲ. ಹಾಗಾಗಿ ಬಳಸಲಿ, ಆದರೆ ಆರೋಗ್ಯ, ಹಣ, ಕಾನೂನಿನ ವಿಷಯ ಬಂದರೆ ಕೆಳಗಿನ ಲಿಂಕ್ ತೆರೆದು ಓದಲಿ. ಲಿಂಕೇ ಕೊಡದ ಉತ್ತರವನ್ನು ಇಂಥ ವಿಷಯದಲ್ಲಿ ನಂಬುವುದು ಬೇಡ.

ಹೊಸದಕ್ಕೆ ಹೆದರುವವರಿಗೆ ಇನ್ನೊಂದು ಮಾತು. 1995ರಲ್ಲಿ ಬಂದ ಆಲ್ಟಾವಿಸ್ಟಾ ಅನ್ನುವ ಸರ್ಚ್ ಎಂಜಿನ್ ಆ ಕಾಲದಲ್ಲಿ ದೊಡ್ಡ ಹೆಸರು. 1998ರಲ್ಲಿ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್, ಗೂಗಲ್ ಕಂಪನಿ ಶುರು ಮಾಡಿದರು. ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು, ಎಂಥ ಪುಟಗಳು ಲಿಂಕ್ ಕೊಟ್ಟಿವೆ ಅನ್ನುವುದನ್ನೂ ಲೆಕ್ಕ ಹಾಕಿ ಸಾಲು ಹಚ್ಚುವುದು ಅವರ ಉಪಾಯ. ಆಗಿನ ಜನ "ಆಲ್ಟಾವಿಸ್ಟಾ ಇದೆಯಲ್ಲ" ಅಂತ ಕೂತಿದ್ದರೆ ಗೂಗಲ್ ಬೆಳೆಯುತ್ತಲೇ ಇರಲಿಲ್ಲ. ಆಲ್ಟಾವಿಸ್ಟಾ 2013ರಲ್ಲಿ ಮುಚ್ಚಿತು.

ನಿಮ್ಮ ಪತ್ರಿಕೆಯಲ್ಲಿ ಹೊಸ ಫೋನ್‌ಗಳ ಬಗ್ಗೆ ಬೇಕಾದಷ್ಟು ಬರುತ್ತದೆ. ಸರ್ಚ್ ಎಂಜಿನ್ ಬದಲಾಯಿಸುವುದು ಹೇಗೆ ಅಂತ ಚಿತ್ರ ಸಮೇತ ಒಮ್ಮೆ ಹಾಕಿ. ಕ್ರೋಮ್‌ನಲ್ಲಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಸರ್ಚ್ ಎಂಜಿನ್ ಅನ್ನುವುದನ್ನು ಒತ್ತಿದರೆ ಪಟ್ಟಿ ಬರುತ್ತದೆ. ಬೇಕಾದ್ದನ್ನು ಆರಿಸಿಕೊಂಡು ಒಂದು ವಾರ ಬಳಸಿ ನೋಡಲಿ. ಇಷ್ಟವಾಗದಿದ್ದರೆ ಅದೇ ಪಟ್ಟಿಯಿಂದ ಹಳೆಯದಕ್ಕೆ ವಾಪಸ್ ಬರಬಹುದು.

ಇಂತಿ,
ನಿಮ್ಮ ಓದುಗ