ಮೇಟಿಯ ಸುತ್ತ ಮೂರು ಸಾಲು

ಚಿ. ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಸರ್ವಜ್ಞನ ಮೂರು ಸಾಲಿನ ತ್ರಿಪದಿಯ ಬಗ್ಗೆ ನೀನು ಕಳಿಸಿದ ಬರಹ ಎರಡು ಸಲ ಓದಿದೆ. ಲಘು, ಗುರು ಎಲ್ಲೂ ತಪ್ಪಿಲ್ಲ. ಆದರೆ ಕೊನೆಗೆ, ಸಾಲಿನ ಮಾತ್ರೆಗಳು 20, 18, 13 ಬರುತ್ತವೆ, ಹಾಗಾಗಿ ಸರ್ವಜ್ಞನ ಛಂದಸ್ಸು ಬಿಗಿಯಾಗಿಲ್ಲ ಅಂತ ಬರೆದಿದ್ದೀಯಲ್ಲ, ಅದು ಮನಸ್ಸಿಗೆ ನಾಟಿತು. ಒಮ್ಮೆಯಾದರೂ ಬಾಯಿಬಿಟ್ಟು ಹಾಡಿದ್ಯಾ?

ಕೋಟಿ ವಿದ್ಯೆಗಳಲ್ಲಿ ಮೇಟಿ ವಿದ್ಯೆಯೆ ಮೇಲು
ಮೇಟಿಯಿಂ ರಾಟಿ ನಡೆದುದಲ್ಲದೆ ದೇಶ
ದಾಟವೇ ಕೆಡುಗು ಸರ್ವಜ್ಞ

ಸಾಲಿನ ಮೊತ್ತ ಬಿಡು, ಗಣ ಬಿಡಿಸು, ಅಂದರೆ ಮಾತ್ರೆಗಳನ್ನು ಗುಂಪು ಮಾಡು. ಮೊದಲ ಸಾಲು 5, 5, 5, 5. ಎರಡನೆಯದು 5, 3, 5, 5. ಮೂರನೆಯದು 5, 3, 5. ಒಟ್ಟು 11 ಗಣ. ಅದರಲ್ಲಿ ಆರನೆಯದು, ಹತ್ತನೆಯದು ಗಿಡ್ಡ. ತ್ರಿಪದಿಯ ಕಟ್ಟೇ ಅದು. ಅಂಶಗಣದ, ಅಂದರೆ ನಮ್ಮ ಹಳೆಯ ದೇಸಿ ಛಂದಸ್ಸಿನ, ಲೆಕ್ಕದಲ್ಲಿ ಉದ್ದನೆಯವು ವಿಷ್ಣುಗಣ, ಗಿಡ್ಡವು ಬ್ರಹ್ಮಗಣ. ಈಗ ಆ ಎರಡು ಗಿಡ್ಡ ಜಾಗದಲ್ಲಿ ಯಾವ ಪದ ಕೂತಿವೆ ನೋಡು. ಒಂದು ಕಡೆ 'ರಾಟಿ', ಇನ್ನೊಂದು ಕಡೆ 'ಕೆಡುಗು'. ಓಡುತ್ತಾ ಬಂದ ದನಿ ಅಲ್ಲಿ ತಟ್ಟನೆ ಕಾಲೂರುತ್ತದೆ. ಮೇಟಿ ವಿದ್ಯೆ, ಅಂದರೆ ಒಕ್ಕಲುತನ, ನಡೆದರೆ ರಾಟಿ ತಿರುಗುತ್ತದೆ, ನಿಂತರೆ ಎಲ್ಲ ಕೆಡುತ್ತದೆ. ಪದ್ಯದ ಭಾರವೆಲ್ಲ ಆ ಎರಡು ಪದಗಳ ಮೇಲಿದೆ.

ಪ್ರಾಸದ ಬಗ್ಗೆ 'ಆದಿಪ್ರಾಸ ಇದೆ' ಅಂತ ಒಂದೇ ಮಾತು ಬರೆದು ಮುಂದೆ ಹೋಗಿದ್ದೀಯ. ಪ್ರತಿ ಸಾಲಿನ ಎರಡನೆಯ ಅಕ್ಷರ ನೋಡು: ಕೋಟಿ, ಮೇಟಿ, ದಾಟ. ದೀರ್ಘದ ಮುಂದೆ ಒಂಟಿ 'ಟ', ಅಂದರೆ ಗಜಪ್ರಾಸ. ಅದು ಸಿಗಲಿ ಅಂತಲೇ 'ದೇಶದಾಟ' ಅನ್ನೋ ಪದ ಸಾಲಿನ ಅಂಚಿನಲ್ಲಿ ಮುರಿದಿದೆ. ದೇಶದ ಆಟ ಕೆಡುವ ಮಾತು ಬರುವಾಗಲೇ ಪದವೂ ಮುರಿಯುತ್ತದೆ! ನನಗೆ ಇದು ಈಗಲೂ ಮೈ ಜುಮ್ಮೆನ್ನಿಸುತ್ತದೆ.

ಇನ್ನು 'ಮೇಟಿ' ಎರಡು ಸಲ ಬಂದಿದ್ದನ್ನು ಸುಮ್ನೆ ಪುನರುಕ್ತಿ ಅಂದುಬಿಟ್ಟಿದ್ದೀಯ. ಮೇಟಿ ಅಂದರೆ ಏನು ಗೊತ್ತಾ? ಕಣದ ನಟ್ಟನಡುವೆ ನೆಡುವ ಕಂಬ. ಅದರಿಂದಲೇ ಬೇಸಾಯಕ್ಕೆ ಮೇಟಿ ವಿದ್ಯೆ ಅನ್ನೋ ಹೆಸರು. ನಾನು ಚಿಕ್ಕವನಿದ್ದಾಗ ನಮ್ಮ ಕಣದಲ್ಲಿ ಜೋಳದ ತೆನೆ ಹರವಿ, ಎತ್ತುಗಳನ್ನು ಸಾಲಾಗಿ ಮೇಟಿಗೆ ಕಟ್ಟಿ, ಸುತ್ತ ತುಳಿಸುತ್ತಾ ಹಂತಿ ಹೊಡೆಯುತ್ತಿದ್ದರು. ನಿನ್ನ ಅಜ್ಜ ಹಿಂದಿನಿಂದ ಹಂತಿಯ ಹಾಡು ಎತ್ತುತ್ತಿದ್ದರು. ಅವೂ ತ್ರಿಪದಿಗಳೇ. ಎರಡನೆಯ ಸಾಲನ್ನು ಮತ್ತೆ ಮತ್ತೆ ತಿರುಗಿಸಿ ಹಾಡುತ್ತಿದ್ದರು, ಎತ್ತುಗಳೂ ತಿರುಗಿ ಅದೇ ಜಾಗಕ್ಕೆ ಬರುತ್ತಿದ್ದವು. ಪದ್ಯವೂ ಹಾಗೇ ಒಂದು ಸುತ್ತು ಹಾಕಿ 'ಮೇಟಿ'ಗೇ ಬರುತ್ತದೆ, ಅಲ್ವಾ?

ಹಾಗಾಗಿ ಮೊದಲು ಹಾಡು ಮಗಳೇ. ಪೆನ್ಸಿಲ್ ಆಮೇಲೆ ಹಿಡಿ.

ಯುಗಾದಿಗೆ ಬರುವಾಗ ಬರಹ ತಗೊಂಡು ಬಾ. ಅಜ್ಜನ ಮೇಟಿ ಕಂಬ ಕೊಟ್ಟಿಗೆಯಲ್ಲಿ ಇನ್ನೂ ಇದೆ. ಹಗ್ಗ ತಿಕ್ಕಿ ತಿಕ್ಕಿ ಸವೆದ ಗೆರೆ ತೋರಿಸುತ್ತೇನೆ.

ನಿನ್ನ ಕಾಕಾ