ಹೋಳಿಗೆ ಸಪ್ಪೆಯಾಗಿಲ್ಲ

ಪ್ರೀತಿಯ ತಮ್ಮನಿಗೆ,

ಖಿನ್ನತೆಯ ಬಗ್ಗೆ ಪುರವಣಿಗಾಗಿ ನೀನು ಬರೆದ ಲೇಖನದ ಕರಡು ತಲುಪಿತು. ನಿಧಾನವಾಗಿ ಓದಿದೆ. ಬರವಣಿಗೆಯಲ್ಲಿ ಕಸುವಿದೆ, ಖಿನ್ನತೆಗೆ ಸಿಕ್ಕ ಆ ನಿವೃತ್ತ ಮೇಷ್ಟ್ರು ಕಣ್ಣಿಗೆ ಕಟ್ಟುತ್ತಾರೆ. ಹೊಗಳಿಕೆ ಇಷ್ಟು ಸಾಕು. ಈ ಕಾಗದ ಬರೆಯುತ್ತಿರುವುದು ಎರಡು ವಾಕ್ಯಗಳಿಗಾಗಿ. ಒಂದು, ‘ಡೋಪಮೈನ್ ಎಂಬ ಸುಖದ ರಾಸಾಯನಿಕ ಕಡಿಮೆಯಾದಾಗ ಖಿನ್ನತೆ ಬರುತ್ತದೆ.’ ಇನ್ನೊಂದು ಮೇಷ್ಟ್ರ ಬಗ್ಗೆ: ‘ಒಂದು ಕಾಲಕ್ಕೆ ಪಂಚಪ್ರಾಣವಾಗಿದ್ದ ಹೋಳಿಗೆಯೂ ಅವರಿಗೀಗ ಸಪ್ಪೆ.’ ಮೊದಲನೆಯದು ವಿಜ್ಞಾನದಲ್ಲಿ ಆದ ತಪ್ಪು, ಎರಡನೆಯದು ಕಥನದಲ್ಲಿ ಆದ ತಪ್ಪು. ಎರಡಕ್ಕೂ ಬೇರು ಒಂದೇ ಕಡೆ ಇದೆ: ಬೇಕೆನ್ನಿಸುವುದನ್ನೂ ರುಚಿಸುವುದನ್ನೂ ನೀನು ಒಂದೇ ಎಂದುಕೊಂಡಿದ್ದೀಯ.

‘ಸುಖದ ರಾಸಾಯನಿಕ’ ಎಂಬ ಮಾತು ಎಲ್ಲಿಂದ ಬಂತು ಎಂದು ಗೊತ್ತಿದ್ದರೆ ನೀನು ಅದನ್ನು ಇಷ್ಟು ನಂಬುತ್ತಿರಲಿಲ್ಲ. 1954ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬಿಬ್ಬರು ಇಲಿಗಳ ಮಿದುಳಿಗೆ ತೆಳು ತಂತಿ ಇಳಿಸಿ, ಇಲಿ ಒಂದು ಸನ್ನೆಕೋಲನ್ನು ಒತ್ತಿದರೆ ಅಲ್ಲಿಗೆ ಚೂರು ವಿದ್ಯುತ್ತು ಹರಿಯುವಂತೆ ಮಾಡಿದರು. ಇಲಿಗಳು ಒತ್ತಿದ್ದೇ ಒತ್ತಿದ್ದು, ಗಂಟೆಗಟ್ಟಲೆ. ಅಷ್ಟು ಒತ್ತಬೇಕಾದರೆ ಭಾರೀ ಸುಖವೇ ಆಗುತ್ತಿರಬೇಕು ಎಂದು ನೋಡಿದವರು ಎಣಿಸಿದರು. ಮಿದುಳಿನಲ್ಲಿ ‘ಸುಖಕೇಂದ್ರ’ ಸಿಕ್ಕಿತೆಂದು ಸುದ್ದಿಯಾಯಿತು. ಆ ದಾರಿಯಲ್ಲಿ ಡೋಪಮೈನ್ ಹೊರಸೂಸುವ ನರಕೋಶಗಳಿವೆ ಎಂದು ಆಮೇಲೆ ತಿಳಿದಾಗ ಪಟ್ಟ ಡೋಪಮೈನಿಗೆ ಹೋಯಿತು. ಇವತ್ತಿಗೂ ರೀಲ್ಸ್ ಮಾಡುವವರು ಆ ಪಟ್ಟವನ್ನು ಇಳಿಸಿಲ್ಲ. ‘ಡೋಪಮೈನ್ ಡಿಟಾಕ್ಸ್’ ಮಾಡಿ, ಅಂದರೆ ಸುಖ ಕೊಡುವುದನ್ನೆಲ್ಲ ಕೆಲವು ಕಾಲ ಬಿಟ್ಟಿರಿ ಎಂದು ಬೆಳಗಾದರೆ ಉಪದೇಶ.

ಇಲಿ ಒತ್ತುತ್ತಿತ್ತು ಎಂಬುದಷ್ಟೇ ಕಣ್ಣಿಗೆ ಕಂಡದ್ದು. ಅದಕ್ಕೆ ಸುಖವಾಗುತ್ತಿತ್ತು ಎಂಬುದು ಊಹೆ. ಈ ಸಂದಿಯೊಳಗೆ ಕೈ ಹಾಕಿದವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರ‍್ರಿ ರಾಬಿನ್ಸನ್. 1980ರ ದಶಕದ ಕೊನೆಯಲ್ಲಿ ಅವರು ನೋಡಿದ ಇಲಿಗಳ ಮಿದುಳಿನಲ್ಲಿ ಡೋಪಮೈನ್ ಹೆಚ್ಚುಕಡಿಮೆ ಪೂರ್ತಿ ನಾಶವಾಗಿತ್ತು. ಅಂಥ ಇಲಿಗಳು ಆಹಾರದ ಕಡೆ ಹೋಗುವುದಿಲ್ಲ. ಎದುರಿಗೆ ಇಟ್ಟರೂ ತಿನ್ನುವುದಿಲ್ಲ, ನಳಿಕೆಯಲ್ಲಿ ಉಣಿಸದಿದ್ದರೆ ಸಾಯುತ್ತವೆ. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟಾಗ, ಸಿಹಿ ತಾಗಿದ ಎಳೆಗೂಸಿನಂತೆಯೇ ನಾಲಗೆ ಚಾಚಿ ತುಟಿ ನೆಕ್ಕಿದವು. ರುಚಿ ಸರಿಯಾಗಿಯೇ ತಿಳಿಯುತ್ತಿತ್ತು, ಬೇಕು ಎಂಬುದು ಮಾತ್ರ ಹೋಗಿತ್ತು. ರುಚಿಸುವುದಕ್ಕೆ ಮಿದುಳಿನಲ್ಲಿ ಬೇರೆ ಏರ್ಪಾಡಿದೆ. ಅಲ್ಲಿ ಹೆಚ್ಚು ಕೆಲಸ ಮಾಡುವುದು ಅಫೀಮಿನ ಜಾತಿಗೆ ಸೇರಿದ, ನಮ್ಮ ಮಿದುಳೇ ತಯಾರಿಸುವ ರಾಸಾಯನಿಕಗಳು.

ಇದರ ಜೊತೆ ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ಮಾಡಿದ ಪ್ರಯೋಗವನ್ನೂ ಓದಿಕೋ. ಹಣ್ಣಿನ ರಸದ ಹನಿ ಅನಿರೀಕ್ಷಿತವಾಗಿ ಸಿಕ್ಕಾಗ ಕೋತಿಯ ಡೋಪಮೈನ್ ನರಕೋಶಗಳು ಚುರುಕಾದವು. ರಸಕ್ಕೆ ಮೊದಲು ದೀಪ ಹತ್ತುವುದನ್ನು ಅದು ಕಲಿತ ಮೇಲೆ, ಚುರುಕು ದೀಪಕ್ಕೆ ಹೋಯಿತು; ರಸ ಬಂದಾಗ ಅವು ಸುಮ್ಮನಿದ್ದವು. ದೀಪ ಹತ್ತಿಯೂ ರಸ ಬಾರದಿದ್ದರೆ, ಬರಬೇಕಿದ್ದ ಗಳಿಗೆಗೆ ಸರಿಯಾಗಿ ಎಂದಿಗಿಂತ ಕೆಳಗೆ ಇಳಿದವು. ಪೀಟರ್ ದಯಾನ್, ರೀಡ್ ಮಾಂಟೆಗ್ಯೂ ಜೊತೆ ಸೇರಿ 1997ರಲ್ಲಿ ಶುಲ್ಟ್ಸ್ ಬರೆದ ಪ್ರಬಂಧದ ಸಾರವೆಂದರೆ, ಈ ಕೋಶಗಳು ಇಡುವುದು ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸದ ಲೆಕ್ಕ. ಆ ಲೆಕ್ಕದಿಂದಲೇ ನಾಳೆ ಎತ್ತ ಕಡೆ ಹೋಗಬೇಕೆಂದು ಪ್ರಾಣಿ ಕಲಿಯುತ್ತದೆ.

ಈಗ ಮೇಷ್ಟ್ರ ಹೋಳಿಗೆಗೆ ಬಾ. ಖಿನ್ನತೆ ಇರುವವರಿಗೂ ಇಲ್ಲದವರಿಗೂ ಬೇರೆ ಬೇರೆ ಸಿಹಿಯ ಸಕ್ಕರೆ ನೀರು ಕುಡಿಸಿ, ಎಷ್ಟು ಹಿತವಾಯಿತು ಎಂದು ಕೇಳಿದ ಅಧ್ಯಯನಗಳಿವೆ. ಎರಡು ಗುಂಪಿನ ಉತ್ತರದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಎಲೆಯ ಮೇಲೆ ಬಡಿಸಿದ ಹೋಳಿಗೆಯನ್ನು ನಿನ್ನ ಮೇಷ್ಟ್ರು ತಿನ್ನಬಹುದು, ‘ಹದವಾಗಿದೆ’ ಎಂದೂ ಹೇಳಬಹುದು. ಎಲ್ಲರಿಗೂ ಹೀಗೆಯೇ ಎನ್ನಲಾರೆ. ಕಾಯಿಲೆ ತೀರಾ ಆಳಕ್ಕಿಳಿದ ಕೆಲವರಲ್ಲಿ ಊಟ, ಹಾಡು, ಮೊಮ್ಮಗುವಿನ ಮುಖ ಯಾವುದೂ ಒಳಗೆ ತಾಗುವುದಿಲ್ಲ. ಅಂಥವರ ಬಗ್ಗೆ ಬರೆಯುವುದಾದರೆ ಬರೆ. ಆದರೆ ನೀನು ಕಟ್ಟಿದ ಮೇಷ್ಟ್ರು ಅವರಲ್ಲ. ಅವರು ಇನ್ನೂ ಪೇಪರು ತಿರುವುತ್ತಾರೆ, ಕಾಫಿ ಕೊಟ್ಟರೆ ಕುಡಿಯುತ್ತಾರೆ. ಅವರಲ್ಲಿ ಕೆಟ್ಟಿರುವುದು ನಾಲಗೆಗಿಂತ ಮೊದಲಿನ ಒಂದು ಜಾಗ.

ಅದನ್ನು ಚೆನ್ನಾಗಿ ತೋರಿಸಿದ್ದು ಮೈಕೆಲ್ ಟ್ರೆಡ್‌ವೇ ಮತ್ತು ಸಂಗಡಿಗರ ಒಂದು ಆಟ. ಸುಲಭದ ಕೆಲಸ ಆರಿಸಿಕೊಂಡರೆ ತೋರುಬೆರಳಿನಿಂದ 7 ಸೆಕೆಂಡಿನಲ್ಲಿ 30 ಸಲ ಗುಂಡಿ ಒತ್ತಬೇಕು, ಗೆದ್ದರೆ ಒಂದು ಡಾಲರ್. ಕಷ್ಟದ್ದಾದರೆ ಎಡಗೈಯ ಕಿರುಬೆರಳಿನಿಂದ (ಎಡಚರಾದರೆ ಬಲಗೈಯದು) 21 ಸೆಕೆಂಡಿನಲ್ಲಿ 100 ಸಲ. ಗೆದ್ದರೆ ನಾಲ್ಕು ಡಾಲರ್ ದಾಟುವುದೂ ಉಂಟು. ಗೆಲ್ಲುವ ಸಂಭವ ಶೇಕಡಾ 12, 50 ಅಥವಾ 88 ಎಂದು ಮೊದಲೇ ತಿಳಿಸುತ್ತಾರೆ. 2012ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಖಿನ್ನತೆಯವರು ಕಷ್ಟದ್ದನ್ನು ಆರಿಸಿಕೊಂಡದ್ದು ಕಡಿಮೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಇನ್ನೊಂದು ತುದಿ. ದುಡ್ಡು ಹೆಚ್ಚಿದೆ, ಈ ಸಲ ಗೆಲುವು ಬಹುಮಟ್ಟಿಗೆ ಖಚಿತ ಎಂಬ ಮಾಹಿತಿ ಕಣ್ಣೆದುರಿಗಿದ್ದಾಗಲೂ, ಬೇರೆಯವರು ಅದಕ್ಕೆ ತಕ್ಕಂತೆ ತಮ್ಮ ಆಯ್ಕೆ ಬದಲಿಸಿದಷ್ಟು ಇವರು ಬದಲಿಸಲಿಲ್ಲ. ‘ಈ ಸಲ ಚೆನ್ನಾಗಿರುತ್ತೆ, ಬಾ’ ಎಂದು ಮನೆಯವರು ಎಷ್ಟು ಕರೆದರೂ ಏಳದವನ ಒಳಗೆ ಏನಾಗುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಕಥೆ ಬರೆಯುವವನಿಗೆ ಸಿಗಲಾರದು.

ಡೀಗೊ ಪಿಟ್ಸಗಾಲಿ ಅವರ ಪ್ರಯೋಗ ಇನ್ನೂ ಸೂಕ್ಷ್ಮ. ಪರದೆಯ ಮೇಲೆ ಗೀಟಿನಲ್ಲಿ ಬರೆದ ಮುಖ. ಬಾಯಿ ಒಮ್ಮೆ ಚೂರು ಗಿಡ್ಡ, ಒಮ್ಮೆ ಚೂರು ಉದ್ದ. ಯಾವುದು ಎಂದು ಹೇಳಬೇಕು. ಒಂದು ಬಗೆಯ ಸರಿಯುತ್ತರಕ್ಕೆ ಇನ್ನೊಂದಕ್ಕಿಂತ ಮೂರು ಪಟ್ಟು ಹೆಚ್ಚು ಬಾರಿ ಬಹುಮಾನ ಬರುತ್ತದೆ, ಅದನ್ನು ಯಾರಿಗೂ ಹೇಳಿರುವುದಿಲ್ಲ. ಆಡುತ್ತಾ ಆಡುತ್ತಾ ಸಾಮಾನ್ಯ ಜನ ತಮಗೇ ಅರಿವಿಲ್ಲದೆ ಲಾಭದ ಕಡೆ ವಾಲುತ್ತಾರೆ. ಖಿನ್ನತೆ ಇರುವವರು ಅಷ್ಟು ವಾಲುವುದಿಲ್ಲ. ಬಹುಮಾನ ಅವರ ಕೈಗೂ ಬಂದಿರುತ್ತದೆ, ಆದರೆ ಬಂದದ್ದು ಮುಂದಿನ ಹೆಜ್ಜೆಯನ್ನು ತಿದ್ದುವುದಿಲ್ಲ.

ವೈದ್ಯರ ಪ್ರಶ್ನಾವಳಿ ಕೂಡ ಬೇಕೆನ್ನಿಸುವುದನ್ನೂ ಹಿತವಾಗುವುದನ್ನೂ ಒಟ್ಟಿಗೆ ಗಂಟು ಕಟ್ಟಿ ಕೇಳುತ್ತದೆ. ಎಲ್ಲೆಡೆ ಬಳಕೆಯಲ್ಲಿರುವ ಪಿಎಚ್‌ಕ್ಯೂ-9ರ ಮೊದಲ ಪ್ರಶ್ನೆಯೇ, ಕಳೆದ ಎರಡು ವಾರಗಳಲ್ಲಿ ಕೆಲಸಗಳಲ್ಲಿ ಆಸಕ್ತಿ ಅಥವಾ ಸಂತೋಷ ಕಡಿಮೆಯಾಗಿದೆಯೇ ಎಂದು. ತಪಾಸಣೆಗೆ ಅದು ಸಾಕು. ಬರೆಯುವವನಿಗೆ ಸಾಲದು, ನಿನ್ನ ಕೆಲಸ ಆ ಗಂಟು ಬಿಚ್ಚುವುದು.

ಹೀಗೆ ಮಾಡು. ಪಕ್ಕದ ಊರಿನಲ್ಲಿ ತಾಳಮದ್ದಳೆ ಇದೆ ಅನ್ನು. ಮೊದಲಾಗಿದ್ದರೆ ಮೇಷ್ಟ್ರು ಬೆಳಗಿನಿಂದಲೇ ಹೊರಟವರು. ಅರ್ಥಧಾರಿಗಳು ಯಾರು ಯಾರು, ಕೌರವ ಯಾರದ್ದು ಎಂದು ಹಾದಿಯಲ್ಲಿ ಸಿಕ್ಕವರನ್ನೆಲ್ಲ ವಿಚಾರಿಸಿದವರು. ಆಟದ ಸುಖದಲ್ಲಿ ಅರ್ಧಪಾಲು ಆ ವಿಚಾರಣೆಯಲ್ಲೇ ಮುಗಿದಿರುತ್ತಿತ್ತು. ಈಗ ಹೆಂಡತಿ ‘ಏಳಿ, ಒಂದು ಗಳಿಗೆ ಕೂತು ಬರೋಣ’ ಎಂದಾಗ ಅವರಿಗೆ ಕಾಣುವುದು ತಾಳಮದ್ದಳೆಯಲ್ಲ. ಅಂಗಿ ಬದಲಿಸಬೇಕು, ಚಪ್ಪಲಿ ಹುಡುಕಬೇಕು, ಏರು ಹತ್ತಬೇಕು, ಸಿಕ್ಕವರು ‘ಏನು ಮೇಷ್ಟ್ರೇ, ಕಾಣೋದೇ ಇಲ್ಲ’ ಎಂದರೆ ಏನಾದರೊಂದು ಹೇಳಬೇಕು. ಅಷ್ಟೆಲ್ಲದರ ಆಚೆ ಇರುವ ಆಟ ಈಚೆಗೆ ಏನನ್ನೂ ಕಳಿಸುತ್ತಿಲ್ಲ. ‘ನೀನು ಹೋಗಿ ಬಾ’ ಎನ್ನುತ್ತಾರೆ.

ಇಷ್ಟಕ್ಕೇ ನಿಲ್ಲಿಸಬೇಡ. ಮುಂದಿನ ತಿಂಗಳು ಅಳಿಯ ಬಂದು ಕಾರಿನಲ್ಲಿ ಕೂರಿಸಿಕೊಂಡೇ ಹೋಗಲಿ. ಕೌರವನ ಒಂದು ಕೊಂಕಿಗೆ ಕೃಷ್ಣ ಕೊಟ್ಟ ಉತ್ತರ ಕೇಳಿ ಮೇಷ್ಟ್ರು ಜೋರಾಗಿ ನಗಲಿ. ದಿನಕ್ಕೆ ಹಲವು ಸಲ ಮನಸ್ಥಿತಿ ಬರೆಸಿಕೊಂಡ ಅಧ್ಯಯನಗಳಲ್ಲೂ ಹೀಗೆಯೇ ಕಂಡಿದೆ: ಒಳ್ಳೆಯದೇನಾದರೂ ನಡೆದಾಗ ಖಿನ್ನತೆಯವರ ಮನಸ್ಸೂ ತಿಳಿಯಾಗುತ್ತದೆ, ಕೆಲವು ಸಲ ಇತರರಿಗಿಂತ ಹೆಚ್ಚೇ. ಮನೆಯವರು ಅದನ್ನು ನೋಡಿ ಏನೆನ್ನುತ್ತಾರೆ? ‘ನೋಡು, ಹೇಗೆ ನಕ್ಕರು! ಇವರಿಗೆ ಏನೂ ಆಗಿಲ್ಲ, ಬರೀ ಸೋಮಾರಿತನ.’ ಮತ್ತೊಂದು ತಾಳಮದ್ದಳೆ ಬಂದಾಗ ಮೇಷ್ಟ್ರು ಮತ್ತೆ ಏಳುವುದಿಲ್ಲ. ನಕ್ಕದ್ದು ನಿಜ, ಆದರೆ ಆ ನಗೆ ಮುಂದಿನ ಸಲದ ಲೆಕ್ಕಕ್ಕೆ ಜಮೆಯಾಗಿಲ್ಲ. ಹೆಂಡತಿಗೆ ಸಿಟ್ಟು ಬರುತ್ತದೆ, ಬರಲಿ. ಅವಳ ಸಿಟ್ಟನ್ನು ಕೆಟ್ಟದ್ದೆಂದು ಚಿತ್ರಿಸಬೇಡ. ಹೊರಗಿನಿಂದ ನೋಡುವವರಿಗೆ ಆಲಸ್ಯಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ; ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎಂಬ ಮಾತು ನಮ್ಮ ಮನೆಗಳಲ್ಲಿ ಹುಟ್ಟುವುದೇ ಈ ಜಾಗದಲ್ಲಿ.

ಮಿದುಳಿನ ಚಿತ್ರಗಳ ಬಗ್ಗೆ ನೀನು ಬರೆದ ಭಾಗ ಸ್ವಲ್ಪ ತಗ್ಗಿಸು. ಬಹುಮಾನ ಬರಲಿದೆ ಎನ್ನುವ ಹೊತ್ತಿನಲ್ಲಿ ವೆಂಟ್ರಲ್ ಸ್ಟ್ರಯೇಟಮ್ ಎಂಬ ಭಾಗ ಖಿನ್ನತೆಯವರಲ್ಲಿ ಮಂದವಾಗಿರುವುದು ಹಲವು ಸ್ಕ್ಯಾನ್ ಅಧ್ಯಯನಗಳಲ್ಲಿ ಕಂಡಿದೆ, ಸರಿ. ಆದರೆ 2017ರಲ್ಲಿ ರಾಬ್ ರಟ್ಲೆಡ್ಜ್ ಮತ್ತು ಸಂಗಡಿಗರು ಮದ್ದು ತೆಗೆದುಕೊಳ್ಳದ ಖಿನ್ನತೆಯವರಲ್ಲಿ, ಶುಲ್ಟ್ಸ್ ಹೇಳಿದ ಆ ಎಣಿಕೆಯ ಲೆಕ್ಕ ಅದೇ ಜಾಗದಲ್ಲಿ ಸರಿಯಾಗಿಯೇ ನಡೆಯುತ್ತಿದ್ದುದನ್ನು ಕಂಡರು. ಹಾಗಾಗಿ ‘ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ’ ಎಂಬ ಸಾಲನ್ನು ಹೊಡೆದು ಹಾಕು. ಖಿನ್ನತೆ ಎಂಬ ಒಂದೇ ಹೆಸರಿನಡಿ ಹಲವು ಬಗೆಯ ತೊಂದರೆಗಳು ಇರಬಹುದು ಎಂಬುದಕ್ಕೆ ಹೆಚ್ಚು ಒಪ್ಪುವ ಸಾಕ್ಷಿ ಇದು. ಹಬೆನುಲಾ ಎಂಬ, ನಿರಾಸೆಯಾದಾಗ ಚುರುಕಾಗಿ ಡೋಪಮೈನ್ ಕೋಶಗಳ ಬಾಯಿ ಮುಚ್ಚಿಸುವ ಪುಟ್ಟ ಭಾಗದ ಕಥೆ ಸ್ವಾರಸ್ಯದ್ದೇ, ಆದರೆ ಈ ಲೇಖನದಲ್ಲಿ ಜಾಗವಿಲ್ಲ.

ಚಿಕಿತ್ಸೆಯ ಭಾಗದಲ್ಲಿ ನೀನು ‘ಸಕಾರಾತ್ಮಕ ಚಿಂತನೆ’ ಎಂದು ಬರೆದು ಕೈತೊಳೆದುಕೊಂಡಿದ್ದೀಯ. ಅದನ್ನು ತೆಗೆದು ಗೋವಾಕ್ಕೆ ಹೋಗು. ಅಲ್ಲಿ ‘ಸಂಗಾತ್’ ಸಂಸ್ಥೆ ಮತ್ತು ಮನೋವೈದ್ಯ ವಿಕ್ರಮ್ ಪಟೇಲ್ ಅವರ ತಂಡ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಖಿನ್ನತೆ ಸಾಕಷ್ಟು ತೀವ್ರವಾಗಿದ್ದ 495 ಜನರ ಮೇಲೆ ಒಂದು ಪರೀಕ್ಷೆ ನಡೆಸಿತು. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅರ್ಧದಷ್ಟು ಜನರೊಡನೆ ಕೂತು ಮಾತಾಡಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಆರರಿಂದ ಎಂಟು ಭೇಟಿ. ಮಾಡಿದ್ದೇನೆಂದರೆ, ಮನಸ್ಸಾಗಲಿ ಆಮೇಲೆ ಎದ್ದರಾಯಿತು ಎಂದು ಕಾಯುವ ಬದಲು, ಹಿಂದೆ ಇಷ್ಟವಾಗುತ್ತಿದ್ದ, ಬದುಕಿಗೆ ಬೇಕಾದ ಸಣ್ಣ ಕೆಲಸಗಳನ್ನು ದಿನ, ಹೊತ್ತು ಗೊತ್ತುಮಾಡಿ ಮಾಡಿಸುವುದು. ಮಾಡಿದ ಮೇಲೆ ಹೇಗನ್ನಿಸಿತು ಎಂದು ಗುರುತು ಹಾಕಿಕೊಳ್ಳುವುದು. ಮೂರು ತಿಂಗಳ ಬಳಿಕ ಈ ಗುಂಪಿನಲ್ಲಿ ಶೇಕಡಾ 64ರಷ್ಟು ಜನ ಖಿನ್ನತೆಯಿಂದ ಹೊರಬಂದಿದ್ದರು, ಉಳಿದ ಗುಂಪಿನಲ್ಲಿ ಶೇಕಡಾ 39. ಬೇಕೆನ್ನಿಸುವುದೇ ನಿಂತುಹೋದವನಿಗೆ ‘ಬೇಕು ಅಂದುಕೋ’ ಎಂದು ಹೇಳಿ ಪ್ರಯೋಜನವಿಲ್ಲ. ಅಳಿಯನ ಕಾರು ಸರಿ, ಆದರೆ ಒಂದೇ ಸಲಕ್ಕೆ ಸಾಲದು. ಪ್ರತಿ ವಾರ ಬರಬೇಕು, ಮನೆಗೆ ಬಂದ ಮೇಲೆ ‘ಇವತ್ತು ಕೌರವ ಹೇಗಿದ್ದ?’ ಎಂದು ಯಾರಾದರೂ ಕೇಳಬೇಕು.

ಮಾತ್ರೆಗಳ ವಿಷಯದಲ್ಲಿ ನಿನ್ನ ವ್ಯಂಗ್ಯದ ಸಾಲು ನನಗೆ ಹಿಡಿಸಲಿಲ್ಲ. ಅದನ್ನು ಓದಿ ಯಾರೋ ಒಬ್ಬರು ನಡುವೆ ಔಷಧ ನಿಲ್ಲಿಸಿದರೆ ಅದರ ಹೊಣೆ ಯಾರದ್ದು? ತೆಗೆ. ಆ ಜಾಗದಲ್ಲಿ ಟೆಲಿ ಮಾನಸ್ ಸಂಖ್ಯೆ 14416 ಕೊಡು; 2022ರಲ್ಲಿ ಶುರುವಾದ ಈ ಉಚಿತ ಸಹಾಯವಾಣಿಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸ್ಥಾನ, ಕನ್ನಡದಲ್ಲೇ ಮಾತಾಡಬಹುದು.

ಭಾಷೆಯ ಬಗ್ಗೆ ಒಂದೇ ಮಾತು. ಮನೋವಿಜ್ಞಾನ ಬರೆಯುವಾಗ ಮುಖ ಗಂಟಿಕ್ಕಿಕೊಳ್ಳಬೇಕಾಗಿಲ್ಲ. ‘ಕೊರವಂಜಿ’ ಹಾಸ್ಯಪತ್ರಿಕೆ ನಡೆಸಿ ಕನ್ನಡಿಗರನ್ನು ನಗಿಸಿದ ರಾಶಿ (ಡಾ. ಎಂ. ಶಿವರಾಂ) ವೃತ್ತಿಯಿಂದ ವೈದ್ಯರು. ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮನಸ್ಸಿನ ಕುರಿತ ಪುಸ್ತಕಕ್ಕೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಹಳ್ಳಿಯ ಓದುಗರಿಗೂ ತಿಳಿಯುವಂತೆ ಬರೆದರು. ನೀನು ‘ನರಪ್ರೇಷಕ ಅಸಮತೋಲನಜನ್ಯ’ ಎಂದು ಬರೆದದ್ದನ್ನು ಓದಿ ನನಗೇ ಸ್ವಲ್ಪ ಖಿನ್ನತೆ ಬಂತು, ಮಾರಾಯ.

ಪದಮಿತಿ ಮೀರಿದರೆ ಇಲಿಯನ್ನು ಕತ್ತರಿಸು, ಕೋತಿಯನ್ನೂ ಬೇಕಾದರೆ ಕತ್ತರಿಸು, ತಾಳಮದ್ದಳೆಯನ್ನು ಮುಟ್ಟಬೇಡ. ಮೇಷ್ಟ್ರ ಹೆಂಡತಿಗೆ ನಿನ್ನ ಕರಡಿನಲ್ಲಿ ಹೆಸರೇ ಇಲ್ಲ, ಒಂದು ಹೆಸರಿಡು; ಈ ಕಥೆಯಲ್ಲಿ ಹೆಚ್ಚು ಓಡಾಡುವವಳು ಅವಳೇ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಅಲ್ಲಿನ ಆಶಾ ಕಾರ್ಯಕರ್ತೆಯರ ಹತ್ತಿರ ಮಾತಾಡಿ, ಆಮೇಲೆ ಎರಡನೇ ಕರಡು ಕಳಿಸು. ಪುರವಣಿಯವರು ಅವಸರ ಮಾಡಿದರೆ ನನ್ನ ಹೆಸರು ಹೇಳು.

ಇಂತು,
ನಿನ್ನ ಅಣ್ಣ