ಒದ್ದೆ ಕ್ಯಾನ್ವಾಸುಗಳ ಪಕ್ಕದಲ್ಲಿ ಬೆಳಗಿನವರೆಗೆ ಕುಳಿತ ಅಕ್ಕನಿಗೆ, ಮತ್ತು ನಿಮ್ಮೆಲ್ಲರಿಗೆ

ಪ್ರದರ್ಶನ ನಿನ್ನೆ ಸಂಜೆ ಮುಗಿಯಿತು. ಚಿತ್ರಗಳನ್ನು ಗೋಡೆಯಿಂದ ಇಳಿಸಿ, ಮೂಲೆಗಳಿಗೆ ರಟ್ಟು ಕಟ್ಟಿ, ಸ್ಟುಡಿಯೋಗೆ ತಂದು ಒರಗಿಸಿಟ್ಟ ಮೇಲೆ ಇದನ್ನು ಬರೆಯಲು ಕುಳಿತಿದ್ದೇನೆ. ಮೇಲಿನ ಮಹಡಿಯ ಪೈಪು ಒಡೆದದ್ದು, ಯಾವ ಚಿತ್ರಗಳು ಉಳಿದವು, ಯಾವುವು ಹೋದವು ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಹೇಳುವುದಿಲ್ಲ.

ಕತ್ತಲಲ್ಲೇ ಕ್ಯಾನ್ವಾಸುಗಳನ್ನು ಹೊತ್ತು ಮೆಟ್ಟಿಲಿಳಿದ ಅಕ್ಕಪಕ್ಕದ ಸ್ಟುಡಿಯೋಗಳ ಗೆಳೆಯರು, ತಮ್ಮ ಕೆಲಸವನ್ನು ಬದಿಗೆ ಸರಿಸಿ ಜಾಗ ಬಿಟ್ಟುಕೊಟ್ಟ ಶಿಲ್ಪಿ ದಂಪತಿ, ಪ್ರತಿ ಚಿತ್ರದ ಮುಂಬದಿ ಹಿಂಬದಿಗಳ ಫೋಟೊ ತೆಗೆದು ದಾಖಲೆ ಮಾಡಿಕೊಟ್ಟ ಛಾಯಾಗ್ರಾಹಕ, ಎದುರು ಮಾತಾಡದೆ ಪ್ರದರ್ಶನದ ದಿನಾಂಕವನ್ನು ಮುಂದೂಡಿದ ಗ್ಯಾಲರಿಯವರು, ಹೊಸ ಚೌಕಟ್ಟುಗಳನ್ನು ಕಟ್ಟಿಕೊಟ್ಟವರು, ತಾವು ಬಳಸುತ್ತಿದ್ದ ಬಣ್ಣದ ಟ್ಯೂಬುಗಳನ್ನೇ ಚೀಲದಲ್ಲಿ ತುಂಬಿ ಕಳುಹಿಸಿದ ರೇಖಾಚಿತ್ರ ಬಳಗದವರು: ನಿಮಗೆಲ್ಲ ಮನಸಾರೆ ವಂದನೆ.

ಉಳಿದ ಮಾತೆಲ್ಲ ಒಬ್ಬರಿಗೆ ಸಲ್ಲಬೇಕು. ನಮ್ಮ ಕಟ್ಟಡದ ಕೊನೆಯ ಕೋಣೆಯಲ್ಲಿ ಹಳೆಯ ಚಿತ್ರಗಳನ್ನು ಸಂರಕ್ಷಿಸುವ ಕೆಲಸ ಮಾಡುವ ಅಕ್ಕನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಹೆಸರು ಬರೆಯಕೂಡದೆಂದು ಹೇಳಿದ್ದಾರೆ, ಬರೆಯುವುದಿಲ್ಲ. ಎಲ್ಲರೂ ಹೊರಟ ಮೇಲೆ ಅವರು ಉಳಿದರು. ತೋಳು ಮಡಚಿ ಮೊದಲು ಹೇಳಿದ್ದು ಏನೇನು ಮಾಡಬಾರದು ಎಂಬುದನ್ನು. ಹೊರಚೌಕಟ್ಟು ತೆಗೆಯಬಹುದು, ಬಟ್ಟೆಯನ್ನು ಬಿಗಿದ ಮರದ ಪಟ್ಟಿಗಳಿಂದ ಮಾತ್ರ ಕಳಚಬಾರದು. ಹೀಟರ್ ಹತ್ತಿರ ತರಬಾರದು. ಒಂದರ ಮೇಲೊಂದು ಪೇರಿಸಬಾರದು. ಬಣ್ಣದ ಮುಖ ಮೇಲಾಗಿ ಮಲಗಿಸಿ, ಹಿಂಬದಿಯ ನೀರನ್ನು ಬ್ಲಾಟಿಂಗ್ ಕಾಗದಕ್ಕೆ ಹೀರಿಸಿ, ಕಾಗದ ಒದ್ದೆಯಾದಂತೆ ಬದಲಿಸುತ್ತ ಹೋಗಬೇಕು. ಲಿನನ್ ನೂಲು ನೀರು ಕುಡಿದು ಉಬ್ಬಿದಾಗ ನೇಯ್ದ ಬಟ್ಟೆ ಕುಗ್ಗುತ್ತದೆ. ಅಡಿಯಲ್ಲಿ ಬಳಿದ ಅಂಟು ಮೆತ್ತಗಾಗಿ ಹಿಡಿತ ಬಿಡುತ್ತದೆ. ಒಣಗಿ ಗಟ್ಟಿಯಾದ ಎಣ್ಣೆಬಣ್ಣಕ್ಕೆ ಮಾತ್ರ ಕುಗ್ಗಲು ಬರುವುದಿಲ್ಲ. ಅದು ಗುಡಾರದಂತೆ ಮೇಲೆದ್ದು ಕೊನೆಗೆ ಉದುರುತ್ತದೆ.

ಅದು ಎಲ್ಲೆಲ್ಲಿ ಎದ್ದಿದೆ ಎಂದು ಹುಡುಕುತ್ತ ಅವರು ರಾತ್ರಿಯನ್ನು ಕಳೆದರು. ಟಾರ್ಚನ್ನು ಕ್ಯಾನ್ವಾಸಿನ ಅಂಚಿಗೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟರೆ, ಎದುರಿನಿಂದ ನೋಡಿದಾಗ ನಯವಾಗಿ ಕಾಣುವ ಮೈಮೇಲೆ ನೂರಾರು ಪುಟ್ಟ ನೆರಳುಗಳು ಮೂಡುತ್ತವೆ. ಅಂಥ ಪ್ರತಿ ನೆರಳಿನ ಮೇಲೂ ತೆಳ್ಳನೆಯ ಜಪಾನಿ ಕಾಗದದ ಚೂರನ್ನಿಟ್ಟು, ಮೃದುವಾದ ಕುಂಚದಿಂದ ಅಂಟು ಹಚ್ಚಿ ಬಣ್ಣವನ್ನು ಇದ್ದಲ್ಲೇ ಹಿಡಿದಿಟ್ಟರು. ಕೈ ಕೆಲಸದಲ್ಲಿರುವಾಗಲೇ ಇಟಲಿಯ ಫ್ಲಾರೆನ್ಸ್ ನಗರದ ಪ್ರವಾಹದ ಕಥೆ ಹೇಳಿದರು. 1966ರ ನವೆಂಬರ್ 4ರಂದು ಆರ್ನೋ ನದಿ ಊರಿಗೆ ನುಗ್ಗಿದಾಗ ಹಳೆಯ ಇಟಾಲಿಯನ್ ಚಿತ್ರಕಾರ ವಸಾರಿಯ ‘ಕೊನೆಯ ಭೋಜನ’ ಚಿತ್ರ ಗಂಟೆಗಟ್ಟಲೆ ನೀರಿನಲ್ಲಿ ಮುಳುಗಿತ್ತು. ಬಣ್ಣ ಜಾರದಂತೆ ಅದಕ್ಕೂ ಹೀಗೆಯೇ ಕಾಗದ ಹಚ್ಚಿದ್ದರು. ಅದು ಅಲ್ಲಿನ ಸಾಂತಾ ಕ್ರೋಚೆ ಚರ್ಚಿಗೆ ಮರಳಿದ್ದು 2016ರಲ್ಲಿ. ನಡುವಿನ ಆ 50 ವರ್ಷಗಳಲ್ಲಿ ಎಷ್ಟು ಜನ ಅದಕ್ಕಾಗಿ ದುಡಿದಿರಬಹುದು ಎಂದು ನಾನು ಈಗಲೂ ಯೋಚಿಸುತ್ತೇನೆ.

ಬೆಳಗಿನ ಜಾವ ದೊಡ್ಡ ಚಿತ್ರದ ಕೆಳಭಾಗದ ನೀಲಿ ಹೋಯಿತು. ಚಕ್ಕೆಗಳು ನೆಲದ ನೀರಿನಲ್ಲಿ ಬಿದ್ದಿದ್ದವು. ಅಕ್ಕ ಮೊಣಕಾಲೂರಿ, ಒದ್ದೆ ಕುಂಚದ ತುದಿಯಿಂದ ಅವನ್ನು ಒಂದೊಂದಾಗಿ ಎತ್ತಿ ಚಿಕ್ಕ ಡಬ್ಬಿಯೊಳಗೆ ಹಾಕತೊಡಗಿದರು. ನನಗೆ ಅದನ್ನು ನೋಡಲಾಗಲಿಲ್ಲ. ಎಸೆದುಬಿಡಿ ಅಕ್ಕ, ನನಗೆ ಬೇಡ, ಇನ್ನು ಯಾವತ್ತೂ ಕುಂಚ ಹಿಡಿಯುವುದಿಲ್ಲ ಎಂದು ಕೂಗಿದೆ. ಗಂಟಲು ಕಟ್ಟಿ ಮುಂದೆ ಮಾತು ಬರಲಿಲ್ಲ. ಅವರು ಸಮಾಧಾನ ಹೇಳಲಿಲ್ಲ. ಡಬ್ಬಿಯ ಮೇಲೆ ಚಿತ್ರದ ಹೆಸರು, ‘ಕೆಳಗಿನ ಎಡ ಮೂಲೆ’ ಎಂದು ಬರೆದು ಮುಚ್ಚಳ ಹಾಕಿದರು. ಆಮೇಲೆ ಇನ್ನೊಂದು ಡಬ್ಬಿ ಕೇಳಿದರು. ನಾನು ಎದ್ದು ಹೋಗಿ ತಂದುಕೊಟ್ಟೆ.

ನನ್ನ ಚಿತ್ರಗಳನ್ನು ಹೊಗಳಿದವರಿದ್ದಾರೆ, ಕೊಂಡವರಿದ್ದಾರೆ, ಅವರಿಗೆಲ್ಲ ಋಣಿ. ಉದುರಿದ ಬಣ್ಣಕ್ಕೂ ಅದು ಇದ್ದ ಜಾಗದ ವಿಳಾಸ ಬರೆದಿಟ್ಟವರು ಅಕ್ಕ ಒಬ್ಬರೇ.

ಮುಂದಿನ ವಾರಗಳಲ್ಲಿ ನಮ್ಮಿಬ್ಬರ ನಡುವೆ ದೊಡ್ಡ ಚರ್ಚೆಯೇ ನಡೆಯಿತು. ಸಂರಕ್ಷಕರು ನಷ್ಟವಾದ ಜಾಗಕ್ಕಷ್ಟೇ ಬಣ್ಣ ತುಂಬುತ್ತಾರೆ, ಅದೂ ಮುಂದೆ ಯಾರಾದರೂ ತೆಗೆಯಬಹುದಾದ ಬಣ್ಣವನ್ನು. ಫ್ಲಾರೆನ್ಸಿನ ಅದೇ ಪ್ರವಾಹದಲ್ಲಿ ಇನ್ನೊಬ್ಬ ಹಳೆಯ ಇಟಾಲಿಯನ್ ಚಿತ್ರಕಾರ ಚಿಮಾಬುವೆ ಚಿತ್ರಿಸಿದ ಶಿಲುಬೆ ಸುಮಾರು ಶೇ 60ರಷ್ಟು ಬಣ್ಣ ಕಳೆದುಕೊಂಡಾಗ, ಕಳೆದ ಆಕಾರಗಳನ್ನು ಊಹಿಸಿ ಬರೆಯಲಿಲ್ಲ. ಸುತ್ತಲಿನ ಬಣ್ಣಗಳಿಗೆ ಹೊಂದುವ ಸಣ್ಣ ಗೆರೆಗಳಿಂದ ಖಾಲಿ ಜಾಗಗಳನ್ನು ತುಂಬಿದರು. ಆದರೆ ಬರೆದವಳೇ ಬದುಕಿರುವಾಗ? ‘ನಾನು ಸೇರಿಸಲಾರೆ, ನಿನಗೆ ಆ ಹಕ್ಕಿದೆ. ಒಣಗುವವರೆಗೆ ಮಾತ್ರ ಮುಟ್ಟಬೇಡ’ ಎಂದರು ಅಕ್ಕ. ಅಷ್ಟು ದಿನ ಸುಮ್ಮನೆ ನೋಡುತ್ತ ಕುಳಿತದ್ದರಿಂದಲೇ ಆ ಚಿತ್ರ ನನಗೆ ಮತ್ತೆ ಸಿಕ್ಕಿತು. ಬಣ್ಣ ಹೋದ ಕಡೆ ಬರಿಯ ಕಂದು ತಳ ಕಾಣುತ್ತಿತ್ತು. ಅದು ಅಂಬರ್ ಎಂಬ ಕಂದು ಮಣ್ಣಿನ ಬಣ್ಣ. ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ತಳಪದರಕ್ಕೆ ನಾನು ಅದನ್ನು ಬಳಸುವುದು ಅದಕ್ಕೇ. ಆರಂಭದಲ್ಲಿ ಹಾಕಿದ ಆ ಮೊದಲ ಗೆರೆಗಳು ನೀಲಿಯ ಕೆಳಗೆ ಮುಚ್ಚಿಹೋಗಿದ್ದವು. ಅವುಗಳಲ್ಲಿದ್ದ ವೇಗ ಮುಗಿದ ಚಿತ್ರದಲ್ಲಿ ಇರಲಿಲ್ಲ. ಎಡ ಮೂಲೆಯನ್ನು ಹಾಗೆಯೇ ಬಿಟ್ಟು, ಬಲಬದಿಯನ್ನು ಕೆರೆದು ಹೊಸದಾಗಿ ಬರೆದೆ. ಪ್ರದರ್ಶನದಲ್ಲಿ ನಿಮ್ಮಲ್ಲಿ ಬಹಳ ಮಂದಿ ನಿಂತು ನೋಡಿದ್ದು ಆ ಮೂಲೆಯನ್ನೇ. ಈಗ ಹೊಸ ಚಿತ್ರಗಳಲ್ಲೂ ತಳಪದರವನ್ನು ಅಲ್ಲಲ್ಲಿ ತೆರೆದೇ ಇಡುತ್ತಿದ್ದೇನೆ.

ಸ್ಟುಡಿಯೋದಲ್ಲಿ ಬಾಗಿಲು ಹಾಕಿಕೊಂಡು ಕೆಲಸ ಮಾಡುವುದು ನನ್ನ ಅಭ್ಯಾಸ, ಅದು ಬದಲಾಗದು. ಆದರೆ ನೀರು ಬಂದ ರಾತ್ರಿ ಬಾಗಿಲು ತಟ್ಟುವ ಮೊದಲೇ ಒಳಗೆ ಬಂದವರು ಈ ಕಾರಿಡಾರಿನ ಜನ. ಅವರ ಬಳಿ ನನ್ನ ಬೀಗದ ಕೈ ಇತ್ತು, ಇನ್ನು ಮುಂದೆಯೂ ಇರುತ್ತದೆ.

ಅಕ್ಕ, ನಿಮ್ಮ ಟಾರ್ಚ್, ಉಳಿದ ಬ್ಲಾಟಿಂಗ್ ಕಾಗದ ನನ್ನ ಬಳಿಯೇ ಇವೆ, ನಾಳೆ ತರುತ್ತೇನೆ. ಡಬ್ಬಿಗಳನ್ನು ಮಾತ್ರ ನಾನೇ ಇಟ್ಟುಕೊಳ್ಳುತ್ತೇನೆ. ಉಳಿದ ಚಿತ್ರಗಳ ಮೇಲಿನ ಕಾಗದ ಬಿಡಿಸುವ ಕೆಲಸ ಮುಂದಿನ ತಿಂಗಳು ಆರಂಭವಾಗುತ್ತದೆ. ಎಳೆಯ ಕಲಾವಿದರು ಬಂದರೆ ಹೇಳಿಕೊಡುವುದಾಗಿ ಅಕ್ಕ ಒಪ್ಪಿದ್ದಾರೆ. ಕಲಿಯುವ ಮನಸ್ಸಿರುವವರು ನನಗೆ ತಿಳಿಸಿ. ಅವರ ಮೇಜಿನ ಸುತ್ತ ಜಾಗ ಕಡಿಮೆ, ಬೇಗ ಹೇಳಿದರೆ ಒಳ್ಳೆಯದು.